'ಮನೆ ಖಾಲಿ ಮಾಡಿ' ಅಂದ ದಿನ

(ಹೋದ ಭಾನುವಾರ ಲಗ್ಗೆರೆ ಕಡೆ ಒಂದು ಸಮುದಾಯ ಭವನದಲ್ಲಿ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳು, ಮನೆಕೆಲಸದವರು, ಆಟೋ ಓಡ್ಸೋರು ಸೇರಿದ್ದ ಸಭೇಲಿ ಆಡಿದ ಮಾತು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಬರ್ದಿದೀನಿ. ನನ್ನ ಹತ್ರ ಬಂದ ಕಕ್ಷಿದಾರರ ಹೆಸರು, ಬೀದಿ ಯಾವುದನ್ನೂ ಹಾಕಿಲ್ಲ.)

ಎಲ್ರಿಗೂ ನಮಸ್ಕಾರ. ಹಿಂದೆ ನಿಂತಿರೋ ಅಕ್ಕಂದಿರು ಮುಂದೆ ಬಂದು ಕೂತ್ಕೊಳಿ, ಕುರ್ಚಿ ಖಾಲಿ ಇದಾವೆ. ಶುರು ಮಾಡೋಕೆ ಮುಂಚೆ ಒಂದು ಕೇಳ್ಬಿಡ್ತೀನಿ, ಬಾಡಿಗೆ ಮನೇಲಿರೋರು ಎಷ್ಟು ಜನ, ಕೈ ಎತ್ತಿ. ಸರಿ, ಹತ್ರತ್ರ ಎಲ್ರೂ. ಈಗ ಬಾಡಿಗೆ ಅಗ್ರಿಮೆಂಟ್ ತಮ್ಮ ಹತ್ರಾನೇ ಇರೋರು ಮಾತ್ರ ಎತ್ತಿ. ನಾಕು ಕೈ. ಅದ್ರಲ್ಲೂ ಒಬ್ರು ಇಳಿಸ್ತಾ ಇದಾರೆ, ಪೇಪರ್ ಓನರ್ ಹತ್ರ ಇದೆ ಅಂತಾರೆ.

ನಾನು ವಕೀಲೆ, ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ನಲ್ಲಿದೀನಿ, ಅಂದ್ರೆ ದುಡ್ಡು ಕೊಡೋಕಾಗದೇ ಇರೋರ ಕೇಸನ್ನ ಸರ್ಕಾರದ ಖರ್ಚಲ್ಲಿ ನಡ್ಸೋ ವಕೀಲರಲ್ಲಿ ನಾನೂ ಒಬ್ಳು. ಇವತ್ತು ಬಾಡಿಗೆ ಮನೆ ಖಾಲಿ ಮಾಡ್ಸೋದ್ರ ಬಗ್ಗೆ ಮಾತ್ರ ಮಾತಾಡ್ತೀನಿ.

ಒಂದಿನ ರಾತ್ರಿ ಎಂಟೂವರೆಗೆ ಫೋನ್ ಬಂತು. ಹೆಣ್ಮಗಳು ಶಿಫ್ಟ್ ಮುಗಿಸ್ಕೊಂಡು ವಠಾರಕ್ಕೆ ಬಂದ್ರೆ ಬಾಗಿಲ ಮೇಲೆ ಎರಡು ಬೀಗ. ಒಂದು ಅವರದೇ ಸಣ್ಣದು, ಚಿಲಕಕ್ಕೆ ಕೆಂಪು ದಾರ ಸುತ್ತಿರೋದು. ಅದರ ಮೇಲೆ ಇನ್ನೊಂದು ದೊಡ್ಡ ಬೀಗ, ಅಂಗಡಿ ಸ್ಟಿಕರ್ ಕೂಡ ಕಿತ್ತಿಲ್ಲ, ಹೊಸದು. ಆರನೇ ಕ್ಲಾಸಿನ ಮಗಳು ಬ್ಯಾಗ್ ತೊಡೆ ಮೇಲಿಟ್ಕೊಂಡು ನಾಲ್ಕು ಗಂಟೆಯಿಂದ ಮೆಟ್ಟಿಲ ಮೇಲೆ ಕೂತಿದಾಳೆ. ಚಿಕ್ಕ ಮಗನಿಗೆ ವೀಸಿಂಗು, ಅವನ ಇನ್ಹೇಲರ್ ಒಳಗಿದೆ, ನೆನೆ ಹಾಕಿದ್ದ ಅಕ್ಕಿ ಒಳಗಿದೆ, ಆಧಾರ್, ರೇಷನ್ ಕಾರ್ಡು ಎಲ್ಲಾ ಒಳಗೇ. ಫ್ಯಾಕ್ಟ್ರಿ ಹೇಳ್ದೆ ಕೇಳ್ದೆ ಮುಚ್ಚಿತ್ತು, ಬೇರೆ ಕಡೆ ಸೇರೋ ಹೊತ್ತಿಗೆ ಮೂರು ತಿಂಗಳ ಬಾಡಿಗೆ ಬಾಕಿ ಆಗಿತ್ತು. ತಿಂಗಳಿಗೆ 7,500, ಮೂರು ತಿಂಗಳಿಗೆ 22,500. ಓನರ್ ಹತ್ರ ಇವರ ಅಡ್ವಾನ್ಸ್ ಎಷ್ಟಿತ್ತು ಗೊತ್ತಾ, 50,000. ಅಂದ್ರೆ ಲೆಕ್ಕ ಹಾಕಿದ್ರೆ ಓನರೇ ಇವರಿಗೆ ಕೊಡ್ಬೇಕಾಗಿತ್ತು, ಆದ್ರೆ ಬೀಗ ಹಾಕಿಸ್ಕೊಂಡು ಬೀದೀಲಿ ನಿಂತಿದ್ದು ಇವ್ರು, ಅಕ್ಕಪಕ್ಕದವರ ಮುಂದೆ ತಲೆ ತಗ್ಗಿಸಿದ್ದೂ ಇವ್ರೇ.

ಸ್ಟೇಷನ್‌ಗೆ ಹೋದ್ವಿ. ಅಲ್ಲಿದ್ದ ಸಾಹೇಬ್ರು ಹೇಳಿದ್ದು ನಿಮಗೆಲ್ಲಾ ಗೊತ್ತಿರೋ ಮಾತೇ, "ನೋಡಮ್ಮ, ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ". ನಾನಂದೆ, ಸರ್, ಸಿವಿಲ್ ಮ್ಯಾಟರ್ ಅಂತ ನಾವೂ ಒಪ್ತೀವಿ, ಹಾಗಿದ್ಮೇಲೆ ಕೋರ್ಟಿಗೆ ಹೋಗ್ಬೇಕಾಗಿರೋದು ಓನರ್ ಅಲ್ವಾ, ಬಾಡಿಗೆ ಬಂದಿಲ್ಲ ಅಂತ ಅವ್ರು ದಾವೆ ಹಾಕ್ಲಿ, ನಾವು ಬಂದು ಉತ್ತರ ಕೊಡ್ತೀವಿ, ಅದನ್ನ ಬಿಟ್ಟು ಇವರ ಮನೆಗೆ ಇವರು ಹೋಗದ ಹಾಗೆ ಬೀಗ ಜಡಿದಿದಾರಲ್ಲ ಅದು ಸಿವಿಲ್ ಅಲ್ಲ. ಒಂದು ಬಿಳಿ ಹಾಳೇಲಿ ಕಂಪ್ಲೇಂಟ್ ಬರೆದ್ವಿ. ಎಷ್ಟು ಹೊತ್ತಿಗೆ ಬೀಗ ಹಾಕಿದ್ರು, ಯಾರು ನೋಡಿದ್ರು, ಒಳಗೆ ಏನೇನಿದೆ, ಮಗುವಿನ ಔಷಧಿ ಒಳಗಿದೆ ಅನ್ನೋದನ್ನ ಮೊದಲನೇ ಸಾಲಲ್ಲೇ. ಅಕ್ರಮವಾಗಿ ತಡೆಯೋದು, ಬೆದರಿಕೆ ಹಾಕೋದು ಭಾರತೀಯ ನ್ಯಾಯ ಸಂಹಿತೆಯ 126 ಮತ್ತು 351ನೇ ಸೆಕ್ಷನ್‌ನಲ್ಲಿ ಅಪರಾಧ, ಅದನ್ನೂ ಬರೆದ್ವಿ, ಬರ್ದು ಸ್ವೀಕೃತಿ ಕೊಡಿ ಸರ್ ಅಂತ ಬೆಂಚ್ ಮೇಲೆ ಕೂತ್ವಿ. ಸ್ವೀಕೃತಿ ಕೊಡೋಕೆ ಬದಲು ಅವರು ಓನರ್‌ಗೆ ಫೋನ್ ಮಾಡಿದ್ರು. ಹತ್ತೂಮುಕ್ಕಾಲಿಗೆ ದೊಡ್ಡ ಬೀಗ ಬಿಚ್ಚಿತು. ಆ ಹುಡುಗಿ ಒಳಗೆ ಓಡಿದವಳೇ ಮೊದಲು ತಮ್ಮನ ಇನ್ಹೇಲರ್ ತಗೊಂಡ್ಳು.

ಇದರಲ್ಲಿ ನೀವು ಇಟ್ಕೋಬೇಕಾದ ಕಾನೂನು ಇಷ್ಟೇ. ಬಾಡಿಗೆ ಕೊಟ್ಟಿಲ್ಲ, ಅಗ್ರಿಮೆಂಟ್ ಮುಗಿದಿದೆ, ಓನರ್‌ಗೆ ನಿಜವಾಗ್ಲೂ ಮನೆ ಬೇಕಾಗಿದೆ, ಕಾರಣ ಯಾವುದೇ ಇರ್ಲಿ, ಒಳಗಿರೋರನ್ನ ಹೊರಗೆ ಹಾಕೋಕೆ ಕೋರ್ಟಿನ ಆದೇಶ ಬೇಕು. ನೆಲೆ ನಿಂತು ಸ್ವಾಧೀನದಲ್ಲಿರೋ ಮನುಷ್ಯನನ್ನ, ಅವನ ಹಕ್ಕು ಗಟ್ಟಿ ಇರ್ಲಿ ಇಲ್ದೇ ಇರ್ಲಿ, ಬಲವಂತವಾಗಿ ಎಬ್ಬಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ, 2003ರ ಡಿಸೆಂಬರ್‌ನಲ್ಲಿ ಬಂದ ತೀರ್ಪಂತೂ ನಮ್ಮ ಕರ್ನಾಟಕದಿಂದಲೇ ಹೋದ ಕೇಸು. ಅಕಸ್ಮಾತ್ ಎಬ್ಬಿಸೇ ಬಿಟ್ರು ಅಂದ್ಕೊಳಿ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇದೆ, ಆರು ತಿಂಗಳೊಳಗೆ ದಾವೆ ಹಾಕಿದ್ರೆ ಕೋರ್ಟು ಮನೆ ಯಾರದು ಅಂತ ಕೇಳಲ್ಲ, ಕಾನೂನು ಪ್ರಕಾರ ಬಿಡಿಸ್ಕೊಂಡ್ರೋ ಇಲ್ವೋ ಅಷ್ಟೇ ನೋಡುತ್ತೆ. ಆರು ತಿಂಗಳು ಅನ್ನೋದು ನೆನಪಿರ್ಲಿ. ಊರಿಗೆ ಹೋಗಿ ಹಬ್ಬ ಮುಗಿಸ್ಕೊಂಡು ಬಂದು ನೋಡೋಣ ಅಂತ ಕೂತು ಆ ದಾರಿ ಕಳ್ಕೊಂಡವರನ್ನ ನಾನು ನೋಡಿದೀನಿ. ಆದ್ರೆ ನಿಜ ಹೇಳ್ಬೇಕಂದ್ರೆ ಈ ದಾರಿ ಹಿಡಿಯೋ ಬಡವರೇ ಕಡಿಮೆ, ಯಾಕಂದ್ರೆ ಬೀದಿಗೆ ಬಿದ್ದ ಮೇಲೆ ಅವತ್ತು ರಾತ್ರಿ ಎಲ್ಲಿ ಮಲಗೋದು ಅನ್ನೋದೇ ದೊಡ್ಡ ಕೇಸು. ಅದಕ್ಕೇ ಬೀಗ ಬಿದ್ದ ರಾತ್ರೀನೇ ಸ್ಟೇಷನ್ನು, ಮಾರನೇ ದಿನಾನೇ ಕೋರ್ಟು, ಹತ್ತು ದಿನ ಬಿಟ್ಟು ಅಲ್ಲ.

ಕರೆಂಟ್ ಫ್ಯೂಸ್ ಕೀಳೋದು, ನೀರಿನ ವಾಲ್ವ್ ತಿರುಗಿಸೋದು, ಕಾಮನ್ ಟಾಯ್ಲೆಟ್‌ಗೆ ಬೀಗ ಹಾಕೋದು ಇವೂ ಅದೇ ಜಾತಿಗೆ ಸೇರಿದ್ದು. ಖಾಲಿ ಮಾಡ್ಸೋಕೆ ಕೋರ್ಟಿಗೆ ಹೋಗೋ ಬದಲು ಹಿಡಿಯೋ ಅಡ್ಡದಾರಿ. ವಿಡಿಯೋ ಮಾಡ್ಕೊಳಿ, ದಿನಾಂಕ ಬರ್ದಿಟ್ಕೊಳಿ.

ಈಗ ಒಬ್ರು ಕೇಳಿದ್ರು, ಮೇಡಂ, ರೆಂಟ್ ಕಂಟ್ರೋಲ್ ಅಂತ ಇದೆಯಲ್ಲ, ಅದು ನಮಗೆ ಬರಲ್ವಾ ಅಂತ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಮುಂಚೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಅದನ್ನ ತೆಗೆದು ಕರ್ನಾಟಕ ಬಾಡಿಗೆ ಕಾಯ್ದೆ 1999 ತಂದ್ರು, ಜಾರಿಗೆ ಬಂದಿದ್ದು 2001ರ ಡಿಸೆಂಬರ್ 31ಕ್ಕೆ. ಅದರಲ್ಲಿ ಬಾಡಿಗೆದಾರರಿಗೆ ಒಳ್ಳೇ ರಕ್ಷಣೆ ಇದೆ, 27ನೇ ಸೆಕ್ಷನ್‌ನಲ್ಲಿ ಪಟ್ಟಿ ಮಾಡಿರೋ ಕಾರಣ ಇದ್ರೆ ಮಾತ್ರ ಎಬ್ಬಿಸ್ಬೋದು, ಬಾಕಿ ಇದ್ರೆ ಮೊದಲು ನೋಟಿಸ್ ಕೊಟ್ಟು ಕಟ್ಟೋಕೆ ಅವಕಾಶ ಕೊಡ್ಬೇಕು. ಆದ್ರೆ ಅದೇ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ಒಂದು ಗೆರೆ ಎಳೆದಿದಾರೆ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಕಾಯ್ದೆ ಲೆಕ್ಕದ ಬಾಡಿಗೆ ತಿಂಗಳಿಗೆ 3,500 ದಾಟಿದ್ರೆ, ಉಳಿದ ಕಡೆ 2,000 ದಾಟಿದ್ರೆ ಆ ಕಾಯ್ದೆ ಅನ್ವಯ ಆಗಲ್ಲ. ಹೇಳಿ ಈಗ, ಲಗ್ಗೆರೇಲಿ 3,500ಕ್ಕೆ ಮನೆ ಎಲ್ಲಿ ಸಿಗುತ್ತೆ, ಒಂದು ಶೀಟ್ ರೂಮಿಗೇ ಐದು ಆರು ಸಾವಿರ. ಆ ಗೆರೆ ಎಳೆದಾಗ ಅದಕ್ಕಿಂತ ಮೇಲಿರೋರು ಅನುಕೂಲಸ್ಥರು ಅನ್ನೋ ಲೆಕ್ಕ ಇದ್ದಿರ್ಬೋದು, ಇವತ್ತು ಅದಕ್ಕಿಂತ ಮೇಲಿರೋರೆಲ್ಲಾ ನೀವೇ, ಟೈಲರಿಂಗ್ ಲೈನಲ್ಲಿ ನಿಂತು ದುಡಿಯೋರು. ಈ ಒಂದು ಅಂಕಿ ಬದಲಾಗಬೇಕು ಅಂತ ನಾನು ಹೋದಲ್ಲೆಲ್ಲಾ ಹೇಳ್ತೀನಿ, ಇಲ್ಲೂ ಹೇಳ್ತೀನಿ. ನಿಮ್ಮ ಸಂಘದವರು ಎಂಎಲ್ಎಗೆ ಮನವಿ ಕೊಡೋವಾಗ ರಸ್ತೆ ಚರಂಡಿ ಜೊತೆ ಇದನ್ನೂ ಒಂದು ಸಾಲು ಬರೀರಿ.

ಹಾಗಾದ್ರೆ ನಿಮಗೆ ಅನ್ವಯ ಆಗೋದು ಯಾವುದು? 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆ ಮನೆಗೆ 15 ದಿನದ ನೋಟಿಸ್ ಕೊಟ್ರೆ ಸಾಕು, ಕಾರಣ ಹೇಳ್ಬೇಕಾಗಿಲ್ಲ. ಹೌದು, ಹದಿನೈದೇ ದಿನ, ಬೇಜಾರಾಗುತ್ತೆ ಕೇಳೋಕೆ. ಮುಂಚೆ ನೋಟಿಸ್‌ನಲ್ಲಿ ತಾರೀಖು ಒಂದಿನ ಆಚೀಚೆ ಆದ್ರೂ ಕೇಸ್ ಬಿದ್ದೋಗ್ತಿತ್ತು, 2002ರ ತಿದ್ದುಪಡಿ ಆದ್ಮೇಲೆ ಆ ಆಟ ನಡೆಯಲ್ಲ, ಯಾರಾದ್ರೂ ವಕೀಲರು 'ನೋಟಿಸ್ ಸರಿ ಇಲ್ಲ, ಕೇಸ್ ಹೊಡೆದು ಹಾಕ್ತೀನಿ' ಅಂತ ಭರವಸೆ ಕೊಟ್ರೆ ಅದನ್ನೇ ನಂಬ್ಕೊಂಡು ಕೂರ್ಬೇಡಿ. ಆದ್ರೆ ಗಮನ ಇಟ್ಟು ಕೇಳಿ, 15 ದಿನ ಆದ್ಮೇಲೆ ಓನರ್‌ಗೆ ಸಿಗೋದು ದಾವೆ ಹಾಕೋ ಹಕ್ಕು, ನಿಮ್ಮ ಪಾತ್ರೆ ಬೀದಿಗೆ ಎಸೆಯೋ ಹಕ್ಕಲ್ಲ. ಆ ನೋಟಿಸಿಗೂ ಕೋರ್ಟಿನ ಅಮೀನ, ಅಂದ್ರೆ ಕೋರ್ಟ್ ಆದೇಶ ಜಾರಿ ಮಾಡೋನು, ಬಾಗಿಲಿಗೆ ಬರೋದಕ್ಕೂ ಮಧ್ಯೆ ತುಂಬಾ ಜಾಗ ಇದೆ. ನಮ್ಮ ಕೆಲಸ ಎಲ್ಲಾ ನಡೆಯೋದು ಆ ಜಾಗದಲ್ಲೇ.

ನಾವು ಬಾಡಿಗೆದಾರರ ಪರ ಕೇಸ್ ನಡೆಸಿದಾಗ ಕೊನೆಗೆ ಮನೆ ಅವರದೇ ಆಗುತ್ತೆ ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಇಲ್ಲ, ಮನೆ ಓನರ್‌ದೇ, ಇವತ್ತಲ್ಲ ನಾಳೆ ಬಿಡ್ಬೇಕು. ನಾವು ಗೆಲ್ಲೋದು ಟೈಮು, ಮತ್ತೆ ಅಡ್ವಾನ್ಸು. ಟೈಮ್ ಅಂದ್ರೆ ಸಣ್ಣ ವಿಷಯ ಅಂತ ದುಡ್ಡಿರೋರಿಗೆ ಅನ್ಸುತ್ತೆ. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಬರೆಯೋ ಮಗು ಇರೋ ಮನೆಗೆ ಏಪ್ರಿಲ್‌ವರೆಗೆ ಟೈಮ್ ಸಿಕ್ಕಿದ್ರೆ ಅದು ಆ ಮಗುವಿನ ಒಂದು ವರ್ಷ. ಬಾಣಂತಿ ಇರೋ ಮನೆಗೆ ಮೂರು ತಿಂಗಳು, ಡಯಾಲಿಸಿಸ್‌ಗೆ ಹೋಗ್ತಿರೋ ಅಪ್ಪ ಇರೋ ಮನೆಗೆ ಆಸ್ಪತ್ರೆ ಹತ್ರಾನೇ ಇನ್ನೊಂದು ಮನೆ ಹುಡುಕೋವಷ್ಟು ದಿನ. ಹೊಸ ಮನೆಗೆ ಅಡ್ವಾನ್ಸ್ ಕೊಡ್ಬೇಕಂದ್ರೆ ಹಳೇ ಅಡ್ವಾನ್ಸ್ ಕೈಗೆ ಬರ್ಬೇಕು, ಅದು ಬರದೇ ಖಾಲಿ ಮಾಡಿದೋರು ಮೀಟರ್ ಬಡ್ಡಿಗೆ ಬೀಳ್ತಾರೆ. ನನ್ನ ಹತ್ರ ಬಂದವರಲ್ಲಿ ಎಷ್ಟೋ ಜನರ ಸಾಲ ಶುರುವಾಗಿದ್ದೇ ಹಂಗೆ ಮನೆ ಬಿಟ್ಟ ದಿನ.

ಇದು ಬರೀ ಸಣ್ಣ ಕೋರ್ಟಿನ ಮಾತಲ್ಲ. ಓಲ್ಗಾ ಟೆಲ್ಲಿಸ್ ಕೇಸ್ ಅಂತ ಕಾನೂನು ಓದೋ ಮಕ್ಕಳಿಗೆಲ್ಲಾ ಬಾಯಿಪಾಠ. 1981ರ ಜುಲೈ, ಬಾಂಬೆಯಲ್ಲಿ ಮಳೆ ಸುರೀತಿರೋವಾಗ ಫುಟ್‌ಪಾತ್ ಮೇಲೆ ಗುಡಿಸಲು ಹಾಕ್ಕೊಂಡವರನ್ನ ಎತ್ತಂಗಡಿ ಮಾಡ್ತೀವಿ ಅಂತ ಅಲ್ಲಿನ ಮುಖ್ಯಮಂತ್ರಿ ಅಂತುಳೆ ಘೋಷಣೆ ಮಾಡಿದ್ರು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತೆ ಅಲ್ಲಿ ವಾಸ ಮಾಡ್ತಿದ್ದವರು ಕೋರ್ಟಿಗೆ ಹೋದ್ರು. 1985ರ ಜುಲೈ 10ಕ್ಕೆ ಐದು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಡ್ತು, ಬದುಕೋ ಹಕ್ಕಿನಲ್ಲಿ ದುಡಿದು ತಿನ್ನೋ ಹಕ್ಕೂ ಸೇರಿದೆ ಅಂತ. ಎಲ್ರೂ ನೆನಪಿಟ್ಟಿರೋದು ಆ ಮಾತು. ಆದ್ರೆ ಫುಟ್‌ಪಾತ್‌ನಲ್ಲೇ ಇರಿ ಅಂತ ಕೋರ್ಟ್ ಹೇಳ್ಲಿಲ್ಲ, ಕಾನೂನು ಪ್ರಕಾರ ತೆಗೀಬೋದು ಅಂತಾನೇ ಹೇಳಿದ್ದು. ಜೊತೆಗೆ ಹೇಳಿದ್ದೇನಂದ್ರೆ, ಮಳೆಗಾಲ ಮುಗಿದು ಒಂದು ತಿಂಗಳು ಆಗೋವರೆಗೆ, ಅಂದ್ರೆ 1985ರ ಅಕ್ಟೋಬರ್ 31ರವರೆಗೆ, ಎಬ್ಬಿಸ್ಬೇಡಿ ಅಂತ. ನಾನು ಆ ತೀರ್ಪನ್ನ ಮೊದಲ ಸಲ ಓದಿದಾಗ ತಾರೀಖಿನ ಸಾಲನ್ನ ದಾಟ್ಕೊಂಡು ಹೋಗಿದ್ದೆ. ಈ ಕೆಲಸಕ್ಕೆ ಬಂದ ಮೇಲೆ ಇನ್ನೊಂದು ಸಲ ಓದಿದೆ. ನಾಲ್ಕು ಮಳೆಗಾಲ ಕೇಸಿನಲ್ಲೇ ಕಳೀತು, ಐದನೇದಕ್ಕೂ ಕೋರ್ಟ್ ತಾರೀಖು ಬರ್ದು ಕೊಡ್ತು. ಸಣ್ಣ ಮಗು ಇಟ್ಕೊಂಡು ಮಳೇಲಿ ನೆಂದವರಿಗೆ ಆ ಸಾಲಿನ ತೂಕ ಗೊತ್ತಾಗುತ್ತೆ.

ಟೈಮ್ ಹೇಗೆ ಕಳ್ಕೊಳ್ತೀವಿ ಅಂತಾನೂ ಹೇಳ್ತೀನಿ. ಹೂ ಮಾರೋ ಒಬ್ಬ ತಾಯಿ ನನ್ನ ಹತ್ರ ಬಂದಾಗ ಅವರ ಮನೆಗೆ ಅಮೀನ ವಾರಂಟ್ ಹಿಡ್ಕೊಂಡು ಒಂದು ಸಲ ಬಂದು ಹೋಗಿದ್ದ. ಕೇಸ್ ಆಗಿದ್ದೇ ಗೊತ್ತಿಲ್ಲ ಮೇಡಂ ಅಂದ್ರು. ಸಮನ್ಸ್ ಬಂದಿರ್ಲಿಲ್ವಾಮ್ಮ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮನೆಗೆ ಹೋಗಿ ತಂದ್ರು. ದೇವರ ಫೋಟೋ ಹಿಂದೆ ಇಟ್ಟಿದ್ರು, ಮೂರು ಮಡಿಕೆ ಮಾಡಿ, ಅಂಚಿಗೆಲ್ಲಾ ಅರಿಶಿನ ಮೆತ್ಕೊಂಡಿತ್ತು. ಓದೋಕೆ ಬರಲ್ಲ, ಇಂಗ್ಲಿಷಲ್ಲಿದೆ, ಕೋರ್ಟಿನ ಸೀಲ್ ನೋಡಿ ಭಯ ಆಗಿ ದೇವರೇ ನೋಡ್ಕೊಳ್ಳಿ ಅಂತ ಇಟ್ಟಿದ್ರು. ಅವ್ರನ್ನ ಬೈಯೋಕೆ ನನಗೆ ಬಾಯಿ ಬರ್ಲಿಲ್ಲ. ವಾಯಿದೆ ದಿನ ಕೋರ್ಟಲ್ಲಿ ಹೆಸರು ಕೂಗಿದಾರೆ, ಯಾರೂ ಇಲ್ಲ, ಏಕಪಕ್ಷೀಯ ಅಂತ ಬರ್ಕೊಂಡು ಡಿಕ್ರಿ, ಅಂದ್ರೆ ಕೊನೇ ತೀರ್ಪು, ಮಾಡಿದಾರೆ. ಏಕಪಕ್ಷೀಯ ಡಿಕ್ರಿ ರದ್ದು ಮಾಡಿ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9 ನಿಯಮ 13ರಲ್ಲಿ ಅರ್ಜಿ ಹಾಕ್ಬೋದು, 30 ದಿನದೊಳಗೆ ಹಾಕ್ಬೇಕು, ಇವರದು ಐದು ತಿಂಗಳು ದಾಟಿತ್ತು, ತಡ ಆಗಿದ್ದಕ್ಕೆ ಇನ್ನೊಂದು ಅರ್ಜಿ, ಅದಕ್ಕೊಂದು ಅಫಿಡವಿಟ್ಟು. ಜಡ್ಜ್ ಸಾಹೇಬ್ರು ಆ ಮಡಚಿದ ಕಾಗದ ಕೈಯಲ್ಲಿ ಹಿಡಿದು ನೋಡಿದ್ರು, ನೋಡಿ, ಬಾಕಿ ಬಾಡಿಗೆ ಕೋರ್ಟಲ್ಲಿ ಕಟ್ಟೋ ಷರತ್ತಿನ ಮೇಲೆ ಡಿಕ್ರಿ ರದ್ದು ಮಾಡಿದ್ರು. ಆಮೇಲೆ ಲೋಕ ಅದಾಲತ್‌ನಲ್ಲಿ ರಾಜಿ ಆಯ್ತು, ಏಪ್ರಿಲ್ ಕೊನೆವರೆಗೆ ಟೈಮು, ಬಾಕಿ ಮುರ್ಕೊಂಡು ಉಳಿದ ಅಡ್ವಾನ್ಸ್ ಕೀಲಿ ಕೊಟ್ಟ ದಿನಾನೇ ಕೈಗೆ. ಲೋಕ ಅದಾಲತ್ ರಾಜಿಗೆ ಅಪೀಲ್ ಇಲ್ಲ, ಅದಕ್ಕೇ ಸಹಿ ಹಾಕೋಕೆ ಮುಂಚೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿಸ್ಕೊಳಿ, ನಾಚ್ಕೋಬೇಡಿ, ಎರಡು ಸಲ ಓದಿ ಅಂತ ಕೇಳಿ.

ಇಷ್ಟು ತಾರೀಖಿಗೆ ಬಿಡ್ತೀನಿ ಅಂತ ಕೋರ್ಟಿಗೆ ಮುಚ್ಚಳಿಕೆ ಬರ್ಕೊಟ್ರೆ ಆ ದಿನ ಬಿಡ್ಲೇಬೇಕು, ಇಲ್ಲಾಂದ್ರೆ ನ್ಯಾಯಾಂಗ ನಿಂದನೆ ಆಗುತ್ತೆ. ಕೇಸ್ ನಡೀತಿದೆ ಅಂತ ಬಾಡಿಗೆ ನಿಲ್ಲಿಸ್ಬೇಡಿ. ಬಾಡಿಗೆ ಬಾಕಿ ಬಿದ್ರೆ ಅಗ್ರಿಮೆಂಟೇ ರದ್ದು ಅಂತ ಅದರಲ್ಲೇ ಬರ್ದು ಅದೇ ಕಾರಣಕ್ಕೆ ದಾವೆ ಹಾಕಿದ್ರೆ, ವಿಚಾರಣೆ ಹೊತ್ತಲ್ಲಿ ಬಾಕಿ, ಬಡ್ಡಿ, ಕೋರ್ಟ್ ಖರ್ಚು ಎಲ್ಲಾ ಕಟ್ಟಿದೋರನ್ನ ಉಳಿಸೋಕೆ ಕೋರ್ಟಿಗೆ ಅದೇ ಆಸ್ತಿ ವರ್ಗಾವಣೆ ಕಾಯ್ದೆಯ 114ನೇ ಸೆಕ್ಷನ್‌ನಲ್ಲಿ ಅಧಿಕಾರ ಇದೆ. ಅದು ಬಿಟ್ರೂ, ಬಾಡಿಗೆ ಕಟ್ಟಿಕೊಂಡು ಬಂದವರು ಟೈಮ್ ಕೇಳಿದ್ರೆ ಕೋರ್ಟು ಕೇಳುತ್ತೆ, ಕಟ್ಟದೇ ಇದ್ದೋರು ಕೇಳಿದ್ರೆ ನಾನು ಎಷ್ಟು ವಾದ ಮಾಡಿದ್ರೂ ಕಷ್ಟ.

ಓನರ್ ಬಾಡಿಗೆ ತಗೊಳ್ತಿಲ್ಲ ಅಂದ್ರೆ? ಇದು ಹಳೇ ತಂತ್ರ, ನಾಕು ತಿಂಗಳು ತಗೊಳಲ್ಲ, ಆಮೇಲೆ ಬಾಕಿ ಅಂತ ಕೇಸು. ಫೋನ್‌ಪೇ ಗೂಗಲ್‌ಪೇ ಮಾಡಿ, ಮೆಸೇಜ್‌ನಲ್ಲಿ 'ಜೂನ್ ತಿಂಗಳ ಮನೆ ಬಾಡಿಗೆ' ಅಂತ ಬರೀರಿ. ಬ್ಲಾಕ್ ಮಾಡಿದ್ರೆ ಪೋಸ್ಟಲ್ಲಿ ಕಳ್ಸಿ, ವಾಪಸ್ ಬಂದ್ರೆ ಆ ಕವರ್ ಒಡೀಬೇಡಿ, ಹಾಗೇ ಇಟ್ಕೊಳಿ, 'ನಿರಾಕರಿಸಿದ್ದಾರೆ' ಅಂತ ಪೋಸ್ಟ್‌ಮ್ಯಾನ್ ಬರ್ದಿರೋ ಷರಾ ನಿಮ್ಮ ಸಾಕ್ಷಿ. ಇದೇ ನಿಯಮ ನಿಮಗೂ ಅನ್ವಯ ಆಗುತ್ತೆ, ಓನರ್ ಕಳ್ಸಿದ ನೋಟಿಸ್ ನೀವು ತಗೊಳ್ದೇ ವಾಪಸ್ ಕಳ್ಸಿದ್ರೆ ತಲುಪಿದೆ ಅಂತಾನೇ ಲೆಕ್ಕ. ಇನ್ನೊಂದು, 11 ತಿಂಗಳ ಅಗ್ರಿಮೆಂಟ್ ಮುಗಿದ ಮೇಲೂ ಓನರ್ ಬಾಡಿಗೆ ತಗೊಳ್ತಾ ಬಂದಿದ್ರೆ ನೀವು ತಿಂಗಳ ಬಾಡಿಗೆದಾರರಾಗಿ ಮುಂದುವರೀತೀರಿ, ಅಂದ್ರೆ ಮತ್ತೆ ಆ 15 ದಿನದ ನೋಟಿಸ್ ಕೊಡ್ಲೇಬೇಕು. ಆ ಫೋನ್‌ಪೇ ಹಿಸ್ಟರಿ ಡಿಲೀಟ್ ಮಾಡ್ಬೇಡಿ, ಫೋನ್ ಬದಲಾಯಿಸೋ ಮುಂಚೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿಟ್ಕೊಳಿ.

ಭೋಗ್ಯದ ವಿಷಯ ಹೇಳ್ದೆ ಹೋದ್ರೆ ತಪ್ಪಾಗುತ್ತೆ. ಬೆಂಗಳೂರಲ್ಲಿ ಲೀಸ್ ಅಂತೀವಲ್ಲ, ಒಂದೇ ಸಲ ನಾಕೈದು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ದೇ ಇರೋದು, ಹೋಗೋವಾಗ ದುಡ್ಡು ವಾಪಸ್. ಊರಲ್ಲಿ ಹೊಲ ಮಾರಿದ್ದು, ಪಿಎಫ್ ತೆಗೆದಿದ್ದು, ಚೀಟಿ ಎತ್ತಿದ್ದು, ಮಾಂಗಲ್ಯ ಅಡ ಇಟ್ಟಿದ್ದು ಎಲ್ಲಾ ಸೇರಿಸಿ ಕೊಟ್ಟಿರ್ತಾರೆ. ಮೂರು ಸಂಸಾರ ಒಂದೇ ಬಿಲ್ಡಿಂಗಿಂದ ನನ್ನ ಹತ್ರ ಬಂದ್ರು, ಬೆಳಗ್ಗೆ ಎದ್ದು ನೋಡಿದ್ರೆ ಗೇಟಿಗೆ ಬ್ಯಾಂಕಿನ ನೋಟಿಸ್ ಅಂಟಿಸಿದಾರೆ. ಓನರ್ ಕಟ್ಟಡದ ಮೇಲೆ ಸಾಲ ತಗೊಂಡು ಕಟ್ಟಿಲ್ಲ, ಬ್ಯಾಂಕ್ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಸ್ವಾಧೀನಕ್ಕೆ ಬರ್ತಿದೆ, ಓನರ್ ಫೋನ್ ಸ್ವಿಚ್ ಆಫ್. ಇವರ ಅಗ್ರಿಮೆಂಟ್ 100 ರೂಪಾಯಿ ಛಾಪಾ ಕಾಗದದಲ್ಲಿದೆ, ನೋಟರಿ ಸೀಲ್ ಹೊಡೆಸಿದಾರೆ ಅಷ್ಟೇ. ಒಂದು ವರ್ಷ ಮೀರಿದ ಲೀಸ್ ರಿಜಿಸ್ಟರ್ ಆಗ್ಬೇಕು, ಆಗದೇ ಇದ್ರೆ ಮೂರು ವರ್ಷ ಇರೋ ಹಕ್ಕನ್ನ ಅದರಿಂದ ಸಾಬೀತು ಮಾಡೋಕಾಗಲ್ಲ. ಛಾಪಾ ಶುಲ್ಕ ಕಮ್ಮಿ ಇದ್ರೆ ಕೊರತೆ ಹಣದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟೋವರೆಗೂ ಸಾಕ್ಷಿಗೆ ತಗೊಳಲ್ಲ. ಸರ್ಫೇಸಿ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಿಂದ ಬಾಡಿಗೆದಾರರೂ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗ್ಬೋದು, 17ನೇ ಸೆಕ್ಷನ್‌ನ 4ಎ ಉಪವಿಭಾಗ, ಆದ್ರೆ ಅಲ್ಲಿ ಕೇಳೋ ಮೊದಲನೇ ಪ್ರಶ್ನೇನೇ ನೀವು ಬಂದಿದ್ದು ಬ್ಯಾಂಕಿಗೆ ಅಡ ಇಡೋಕೆ ಮುಂಚೇನಾ ಆಮೇಲಾ ಅಂತ. ಮೂವರೂ ಬಂದಿದ್ದು ಆಮೇಲೆ. ಬಡಿದಾಡಿ ಎರಡೂವರೆ ತಿಂಗಳು ಟೈಮ್ ಸಿಕ್ತು, ದುಡ್ಡು ಇನ್ನೂ ಬಂದಿಲ್ಲ, ಓನರ್ ಮೇಲೆ ವಸೂಲಿ ದಾವೆ ನಡೀತಿದೆ. ಅವರಲ್ಲಿ ಒಬ್ರು ಇಲ್ಲೇ ಕೂತಿದಾರೆ, ತಾವಾಗೇ ಬಂದಿದಾರೆ, ಬೇರೆಯವರಿಗೆ ಹೀಗಾಗ್ಬಾರದು ಅಂತ.

ಅದಕ್ಕೇ ಲೀಸ್‌ಗೆ ದುಡ್ಡು ಕೊಡೋ ಮುಂಚೆ ಆ ಜಾಗದ ಇಸಿ, ಅಂದ್ರೆ ಋಣಭಾರ ಪತ್ರ, ತೆಗೆಸಿ, ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತೆ, ಸೈಬರ್ ಸೆಂಟರ್‌ನವರಿಗೆ ಹೇಳಿದ್ರೆ ಮಾಡ್ಕೊಡ್ತಾರೆ, ಸಾಲಕ್ಕೆ ಅಡ ಇಟ್ಟಿದ್ರೆ ಸಾಮಾನ್ಯವಾಗಿ ಅದರಲ್ಲಿ ಕಾಣ್ಸುತ್ತೆ. ಬ್ರೋಕರ್ ಕೈಗೆ ನಗದು ಕೊಡ್ಬೇಡಿ, ಮನೆ ಯಾರ ಹೆಸರಲ್ಲಿದೆಯೋ ಅವರ ಅಕೌಂಟಿಗೇ ಹಾಕಿ. ಓನರ್‌ಗೆ ತಿಂಗಳ ಬಾಡಿಗೆ ಕೊಡ್ತೀನಿ ಅಂತ ಮಾತಾಡಿ, ನಿಮ್ಮಿಂದ ಲೀಸ್ ದುಡ್ಡು ಇಸ್ಕೊಂಡು, ನಾಕು ತಿಂಗಳು ಬಾಡಿಗೆ ಕಟ್ಟಿ ಪರಾರಿಯಾಗೋ ಮಧ್ಯವರ್ತಿಗಳೂ ಇದಾರೆ. ಅಂಥ ಕಡೆ ಓನರೂ ಮೋಸ ಹೋಗಿರ್ತಾರೆ, ನೀವೂ ಹೋಗಿರ್ತೀರಿ, ಇಬ್ರೂ ಒಬ್ಬರ ಮೇಲೊಬ್ರು ಕೂಗಾಡ್ತಿರ್ತೀರಿ. ಅದು ವಂಚನೆ ಕೇಸು, ಇಬ್ರೂ ಸೇರಿ ಕಂಪ್ಲೇಂಟ್ ಕೊಡಿ.

ಗಂಡ ಬಿಟ್ಟು ಹೋಗಿರೋ ಹೆಣ್ಮಕ್ಕಳು ಈ ಸಾಲಲ್ಲಿ ಕೆಲವರಿದೀರಿ ಅಂತ ಗೊತ್ತು. ಅಗ್ರಿಮೆಂಟ್ ಗಂಡನ ಹೆಸರಲ್ಲಿ, ಅವನು ನಾಪತ್ತೆ, ಓನರ್ ಬಂದು 'ನಿನ್ನ ಹೆಸರೆಲ್ಲಿದೆ ತೋರ್ಸು' ಅಂತಾರೆ. 2005ರಲ್ಲಿ ಸುಪ್ರೀಂ ಕೋರ್ಟ್, ಅದೂ ಕರ್ನಾಟಕದ್ದೇ ಒಂದು ಕೇಸಲ್ಲಿ, ಬಾಡಿಗೆದಾರನಾದ ಗಂಡ ಬಿಟ್ಟು ಹೋಗಿ ಕೇಸ್ ಕಡೆ ತಲೆ ಹಾಕದೇ ಇದ್ರೆ ಆ ಮನೇಲಿರೋ ಹೆಂಡತಿ ಕೋರ್ಟಿಗೆ ಬಂದು ತಾನೇ ವಾದ ಮಾಡ್ಬೋದು ಅಂತ ಹೇಳಿದೆ. ಡೈವೋರ್ಸ್ ಆಗಿದ್ರೆ ಆ ಹಕ್ಕು ಉಳಿಯಲ್ಲ, ಅದನ್ನೂ ಹೇಳಿದೆ. ಅದಲ್ದೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಬಾಡಿಗೆ ಮನೆಯೂ ಸಂಸಾರದ ಮನೇನೇ, ಬೇರೆ ಮನೆ ಮಾಡಿಕೊಡು ಇಲ್ಲಾ ಬಾಡಿಗೆ ಕಟ್ಟು ಅಂತ ಗಂಡನಿಗೆ ಮ್ಯಾಜಿಸ್ಟ್ರೇಟ್ ಆದೇಶ ಮಾಡ್ಬೋದು.

ವಕೀಲರಿಗೆ ದುಡ್ಡೆಲ್ಲಿಂದ ತರೋದು ಅಂತ ತುಂಬಾ ಜನ ಮನೆ ಬಿಟ್ಟು ಬಿಡ್ತಾರೆ. ದಯವಿಟ್ಟು ಕೇಳಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಹೆಣ್ಮಕ್ಕಳಿಗೆ ಉಚಿತ ವಕೀಲರು ಸಿಗ್ತಾರೆ, ಆದಾಯ ಎಷ್ಟೇ ಇರ್ಲಿ. ಎಸ್‌ಸಿ ಎಸ್‌ಟಿ ಸಮುದಾಯದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಕೂಡ. ಉಳಿದವರಿಗೆ ಆದಾಯದ ಮಿತಿ ನೋಡ್ತಾರೆ. ತಾಲೂಕು ಕೋರ್ಟಿನ ಆವರಣದಲ್ಲೇ ಸಮಿತಿ ಕಚೇರಿ ಇರುತ್ತೆ, ಬೆಂಗಳೂರಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಅನ್ನೋ ಪ್ರಾಧಿಕಾರದ ಕಚೇರಿಗೂ ಹೋಗ್ಬೋದು, ಇಲ್ಲಾ 15100ಕ್ಕೆ ಫೋನ್ ಮಾಡಿ. ಆಧಾರ್ ಮತ್ತೆ ಬಂದಿರೋ ನೋಟಿಸ್ ತಗೊಂಡು ಹೋಗಿ. ಹಾಗೆ ಕೊಟ್ಟ ವಕೀಲರಿಗೆ ನೀವು ಒಂದು ರೂಪಾಯೀನೂ ಕೊಡ್ಬೇಕಾಗಿಲ್ಲ. ಯಾರಾದ್ರೂ ಕೇಳಿದ್ರೆ, ಆ ಕಚೇರಿಯ ಸದಸ್ಯ ಕಾರ್ಯದರ್ಶಿಗೆ ಬರ್ದು ಕೊಡಿ, ವಕೀಲರನ್ನ ಬದಲಾಯಿಸಿ ಕೊಡ್ತಾರೆ.

ಓನರ್‌ಗಳನ್ನೆಲ್ಲಾ ರಾಕ್ಷಸರ ಹಾಗೆ ಹೇಳ್ತಿದೀನಿ ಅಂದ್ಕೋಬೇಡಿ. ಮೂರು ರೂಮಿನ ಬಾಡಿಗೇಲೇ ಔಷಧಿ ತಗೊಳೋ ವಿಧವೆಯರೂ ಓನರ್‌ಗಳೇ. ಅಂಥ ಒಬ್ಬ ಅಜ್ಜಿ ಎದುರು ಪಾರ್ಟಿಯಾಗಿದ್ದ ಕೇಸಲ್ಲಿ ನಾನು ನನ್ನ ಕಕ್ಷಿದಾರನಿಗೇ ಹೇಳಿದೀನಿ, ಅಣ್ಣ, ನೀವು ಆಟೋಗೆ ಹೊಸ ಮ್ಯೂಸಿಕ್ ಸಿಸ್ಟಂ ಹಾಕ್ಸಿದೀರಿ, ಅವ್ರ ಎಂಟು ತಿಂಗಳ ಬಾಡಿಗೆ ಕೊಟ್ಟಿಲ್ಲ, ಮೊದಲು ಅದನ್ನ ಕಟ್ಟಿ, ಆಮೇಲೆ ಟೈಮ್ ಕೇಳೋಣ. ಕಟ್ಟಿದ್ರು. ಆ ಅಜ್ಜಿ ಕೋರ್ಟ್ ಹಾಲ್ ಹೊರಗಡೆ ಕೂತು ಅವರಿಗೆ ಎರಡು ತಿಂಗಳು ತಾವೇ ಒಪ್ಪಿ ಕೊಟ್ರು.

ಸಾಕು, ಪ್ರಶ್ನೆ ಇದ್ರೆ ಕೇಳಿ.

(ಪ್ರಶ್ನೋತ್ತರ ಮುಕ್ಕಾಲು ಗಂಟೆ ನಡೀತು. ಎಲ್ಲಾ ಮುಗಿದು ಕುರ್ಚಿ ಎತ್ತಿಡ್ತಿರೋವಾಗ ಒಬ್ಬ ಹೆಣ್ಮಗಳು ಸೆರಗಿನ ಒಳಗಿಂದ ಒಂದು ಕವರ್ ತೆಗೆದ್ರು. ಸಮನ್ಸ್. ವಾಯಿದೆ ಗುರುವಾರ. "ಗುರುವಾರ ಹೋಗ್ದಿದ್ರೆ ಏನಾಗುತ್ತೆ ಅಕ್ಕ, ರಜ ಹಾಕಿದ್ರೆ ಅಟೆಂಡೆನ್ಸ್ ಬೋನಸ್ ಕಟ್ ಆಗುತ್ತೆ" ಅಂದ್ರು. ಹೂ ಮಾರೋ ತಾಯಿ ಕಥೆ ಈಗ ತಾನೇ ಕೇಳಿದ್ರು, ಆದ್ರೂ ಕೇಳಿದ್ರು, ಯಾಕಂದ್ರೆ ಆ ಬೋನಸ್ಸೂ ಮನೆ ಬಾಡಿಗೆಗೇ ಸೇರೋದು. ಹತ್ತೂವರೆಗೆ ಗೇಟ್ ಹತ್ರ ಬಂದು ನಿಂತಿರಿ, ಹನ್ನೊಂದಕ್ಕೆ ಕೂಗ್ತಾರೆ, ನಾನಿರ್ತೀನಿ, ಬರೋವಾಗ ಆಧಾರ್, ಅಡ್ವಾನ್ಸ್ ಕೊಟ್ಟಿದ್ದಕ್ಕೆ ಏನಾದ್ರೂ ಚೀಟಿ ಇದ್ರೆ ಅದು, ಫೋನ್ ಫುಲ್ ಚಾರ್ಜ್ ಮಾಡ್ಕೊಂಡು ತನ್ನಿ ಅಂದೆ. ಕವರ್ ಹಿಂದೆ ನನ್ನ ನಂಬರ್ ಬರ್ಕೊಟ್ಟೆ. ಅವರು ಅಲ್ಲೇ ನಿಂತು ಸೂಪರ್‌ವೈಸರ್‌ಗೆ ಫೋನ್ ಹಚ್ಚಿದ್ರು.)